ಚೀಲ ಕಾಯುವವನ ಜಲಕ್ರೀಡೆ

ಯಾವುದಾದರೂ ಕುಟುಂಬದ ಪ್ರವಾಸದ ಫೋಟೋಗಳನ್ನು ಒಮ್ಮೆ ನಿಧಾನವಾಗಿ ತಿರುವಿ ಹಾಕಿ ನೋಡಿ. ಹೋದವರು ಆರು ಮಂದಿ ಎಂದು ಗೊತ್ತಿದ್ದರೂ ಜಲಪಾತದ ಮುಂದೆ ನಿಂತವರು ಐದೇ ಮಂದಿ ಇರುತ್ತಾರೆ. ಆರನೆಯವರು ಕ್ಯಾಮೆರಾ ಹಿಡಿದಿದ್ದರು ಎಂದು ನೀವು ಸಹಜವಾಗಿಯೇ ಊಹಿಸುತ್ತೀರಿ. ಆದರೆ ಕ್ಯಾಮೆರಾ ಹಿಡಿದವರ ಮೇಲೆ ಲೋಕಕ್ಕೆ ಕರುಣೆಯಿದೆ. ದಾರಿಹೋಕರೊಬ್ಬರ ಕೈಗೆ ಕ್ಯಾಮೆರಾ ಕೊಟ್ಟು ಅವರನ್ನೂ ಸಾಲಿಗೆ ಎಳೆದುಕೊಳ್ಳುತ್ತಾರೆ. ನಿಜವಾಗಿ ಕಾಣೆಯಾದ ಮನುಷ್ಯ ಅಲ್ಲಿಂದ ಕೂಗಳತೆಯ ದೂರದಲ್ಲಿ, ಒಂದು ಮರದ ಕೆಳಗೆ, ಎಲ್ಲರ ಚಪ್ಪಲಿ, ಎಲ್ಲರ ಚೀಲ, ಒಂದು ನೀರಿನ ಕ್ಯಾನು ಮತ್ತು ಯಾರದೋ ಕನ್ನಡಕದ ನಡುವೆ ಸಭಾಧ್ಯಕ್ಷನ ಗಾಂಭೀರ್ಯದಿಂದ ಕುಳಿತಿರುತ್ತಾನೆ. ಅವನೇ ಚೀಲ ಕಾಯುವವನು. ಇದನ್ನು ಬರೆಯುತ್ತಿರುವ ನಾನು ಆ ಕುಲಕ್ಕೆ ಸೇರಿದವನು.

ಈ ಹುದ್ದೆಗೆ ಯಾರೂ ಅರ್ಜಿ ಹಾಕಿ ಬಂದವರಲ್ಲ. ನನಗೆ ಇದರ ದೀಕ್ಷೆ ದೊರೆತದ್ದು ಬಾಲ್ಯದಲ್ಲಿ, ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ. ಕೊಟ್ಟವರು ನನ್ನ ಅಮ್ಮ. ಬೇಸಿಗೆ ರಜೆಯಲ್ಲಿ ಮೈಸೂರಿನಿಂದ ಹುಬ್ಬಳ್ಳಿಯ ದೊಡ್ಡಮ್ಮನ ಮನೆಗೆ ಹೋಗುವಾಗ ನಾವು ಅಲ್ಲಿ ಇಳಿದು ಇನ್ನೊಂದು ರೈಲಿಗಾಗಿ ಕಾಯಬೇಕಾಗಿತ್ತು. ಅಣ್ಣಂದಿರು ಎಂಜಿನ್ ನೋಡಲು ಓಡುತ್ತಿದ್ದರು, ಅಪ್ಪ ಕಾಫಿ ಹುಡುಕಿಕೊಂಡು ಮಾಯವಾಗುತ್ತಿದ್ದರು, ಅಮ್ಮ ಕೂಜಾ ಹಿಡಿದು ನಲ್ಲಿಯ ಕಡೆ ಹೊರಡುವ ಮುನ್ನ ನನ್ನನ್ನು ಹಾಸಿಗೆ ಸುತ್ತಿದ ಹೋಲ್ಡಾಲಿನ ಮೇಲೆ ಪ್ರತಿಷ್ಠಾಪಿಸಿ, ದೊಡ್ಡ ಚೀಲದ ಪಟ್ಟಿಯನ್ನು ನನ್ನ ಕಾಲಿಗೆ ಎರಡು ಸುತ್ತು ಸುತ್ತುತ್ತಿದ್ದರು. “ನೀನೆದ್ರೆ ಚೀಲಾನೂ ಏಳತ್ತೆ. ಯಾರಾದ್ರೂ ಚೀಲ ಎಳೆದ್ರೆ ನೀನೂ ಅದರ ಜೊತೆ ಹೋಗ್ತೀಯ. ಒಟ್ನಲ್ಲಿ ಇಬ್ರೂ ಒಂದೇ ಕಡೆ ಇರ್ತೀರಿ” ಎಂಬುದು ಅವರ ಭದ್ರತಾ ಸಿದ್ಧಾಂತ. ಕಳ್ಳನ ಜೊತೆ ಹೋಗುವ ಸಾಧ್ಯತೆಯನ್ನು ಅಷ್ಟು ಸಲೀಸಾಗಿ ಹೇಳಿಬಿಟ್ಟರಲ್ಲ ಎಂದು ಆಗ ದುಃಖವಾಗಿತ್ತು. ಆದರೆ ಕಾಲಿಗೆ ಪಟ್ಟಿ ಸುತ್ತಿಕೊಳ್ಳುವ ಆ ಅಭ್ಯಾಸ ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ.

ಹುದ್ದೆ ಖಾಯಂ ಆದದ್ದು ಶ್ರೀರಂಗಪಟ್ಟಣದ ಸಂಗಮದಲ್ಲಿ. ಬಂಧುಬಳಗವೆಲ್ಲ ನೀರಿಗಿಳಿದಿದ್ದಾಗ ಪಾಚಿಗಟ್ಟಿದ ಮೆಟ್ಟಿಲ ಮೇಲೆ ನನ್ನ ಕಾಲು ಜಾರಿತು. ಕಣ್ಣು, ಕಿವಿ, ಮೂಗುಗಳ ಮೂಲಕ ಕಾವೇರಿ ನನ್ನೊಳಗೆ ಪ್ರವೇಶ ಮಾಡುವಷ್ಟರಲ್ಲಿ ಸೋದರಮಾವ ಜುಟ್ಟು ಹಿಡಿದು ಮೇಲೆತ್ತಿದರು. ನೋಡಿದವರಿಗೆ ಅದು ಒಂದು ಕ್ಷಣದ ಮಾತು, ಆಮೇಲೆ ಅದನ್ನು ನೆನೆದು ನಗುವುದಕ್ಕೂ ಅವರಿಗೆ ಅಡ್ಡಿಯಿರಲಿಲ್ಲ. ನನಗೆ ಮಾತ್ರ ಅಂದಿನಿಂದ ನೀರು ಕಂಡಲ್ಲೆಲ್ಲ ಕರ್ತವ್ಯಪ್ರಜ್ಞೆ ಉಕ್ಕಿ ಬರತೊಡಗಿತು. ಕೆರೆ, ಹೊಳೆ, ಸಮುದ್ರ, ಕಡೆಗೆ ಮದುವೆ ಛತ್ರದ ದೊಡ್ಡ ತೊಟ್ಟಿ ಕಂಡರೂ ಸರಿ, “ನೀವೆಲ್ಲ ಹೋಗಿ ಬನ್ನಿ, ನನಗೇನೂ ಅಂಥಾ ಇಷ್ಟ ಇಲ್ಲ, ಬಟ್ಟೆ ನೋಡ್ಕೋತೀನಿ” ಎಂದುಬಿಡುತ್ತಿದ್ದೆ. ಜನ ನನ್ನ ನಿಸ್ವಾರ್ಥವನ್ನು ಕೊಂಡಾಡಿದರು, ನಾನು ಅಡ್ಡಿಪಡಿಸಲಿಲ್ಲ.

ಇಂಥ ಹಿನ್ನೆಲೆಯ ಮನುಷ್ಯ ನಾಲ್ಕೂ ಕಡೆ ನೀರಿರುವ ನ್ಯೂಜಿಲೆಂಡಿಗೆ ವಲಸೆ ಬಂದದ್ದು ವಿಧಿಯ ಹಾಸ್ಯವೆಂದೇ ಹೇಳಬೇಕು. ಹ್ಯಾಮಿಲ್ಟನ್ನಿನಲ್ಲಿ ಹಾಲಿನ ಪುಡಿ ಮಾಡುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕಸುಬು. ಸಮುದ್ರ ದೂರ, ಹಸುಗಳು ಹತ್ತಿರ. ಹಾಗಾಗಿ ಬದುಕು ಒಣದಾಗಿಯೇ, ಅಂದರೆ ಕ್ಷೇಮವಾಗಿಯೇ ಸಾಗಿತ್ತು. ನನಗೆ ಗಾಬರಿಯಾದದ್ದು ಇಲ್ಲಿನವರು ಚೀಲವನ್ನು ನಡೆಸಿಕೊಳ್ಳುವ ರೀತಿ ಕಂಡು. ಬೀಚಿಗೆ ಬಂದವರೇ ಕಾರಿನ ಕೀಲಿಯನ್ನು ಶೂ ಒಳಗೆ ತುರುಕಿ, ಅದರ ಮೇಲೊಂದು ಟವೆಲ್ ಎಸೆದು, ಅಜ್ಜಿಯಿಂದ ಮೊಮ್ಮಗುವಿನವರೆಗೆ ಅಷ್ಟೂ ಜನ ನೀರಿಗೆ ಓಡಿಬಿಡುತ್ತಾರೆ. ಹಿಂದೆ ಉಳಿಯುವವರು ಯಾರೂ ಇಲ್ಲ! ಪರಂಪರಾಗತ ವೃತ್ತಿಯೊಂದು ಹೀಗೆ ಕಣ್ಣೆದುರೇ ನಶಿಸುವುದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಪುಣ್ಯಕ್ಕೆ ನಮ್ಮ ಕನ್ನಡದ ಬಳಗ ನನ್ನನ್ನು ನಿರುದ್ಯೋಗಿಯಾಗಲು ಬಿಡಲಿಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಕೋಲಾಟಕ್ಕೆ ವೇದಿಕೆ ಹತ್ತುವ ಅಷ್ಟೂ ಆಂಟಿಯರ ಕೈಚೀಲಗಳು ನನ್ನ ಸುತ್ತ ಬಂದು ಬೀಳುತ್ತವೆ. ಆಕ್ಲೆಂಡಿಗೆ ಹೋದಾಗಲೆಲ್ಲ ಏವನ್‌ಡೇಲಿನ ಭಾನುವಾರದ ಸಂತೆಯಲ್ಲಿ ನನ್ನ ಹೆಂಡತಿ ಸುಮಾ ಹೀರೇಕಾಯಿಯ ಕಡೆಗೆ ನುಗ್ಗಿದರೆ, ಕೊತ್ತಂಬರಿ ಕಟ್ಟುಗಳು ಇಣುಕುವ ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ಕಂಬದ ಹತ್ತಿರ ನಿಲ್ಲುವವನು ನಾನೇ. ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿತ್ತು, ನನ್ನ ಮಗಳು ಒಂದು ಚಿತ್ರ ಬರೆಯುವ ತನಕ.

ಮಗಳು ಅದಿತಿಗೆ ಆಗ ಹತ್ತು ವರ್ಷ. ಇಲ್ಲೇ ಹುಟ್ಟಿದವಳು, ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಶಾಲೆಯಲ್ಲಿ ‘ರಜೆಯಲ್ಲಿ ನಮ್ಮ ಕುಟುಂಬ’ ಎಂಬ ವಿಷಯಕ್ಕೆ ಅವಳು ಬರೆದ ಚಿತ್ರವನ್ನು ಸುಮಾ ಹೆಮ್ಮೆಯಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಕಾಗದದ ತುಂಬ ನೀಲಿ ನೀರು, ಅದರಲ್ಲಿ ಕೈಯೆತ್ತಿ ನಗುವ ಅಮ್ಮ, ಮಗಳು. ಎಡಗಡೆಯ ಮೂಲೆಯಲ್ಲಿ ಮೂರು ಚೀಲಗಳು, ಅವುಗಳ ಪಕ್ಕದಲ್ಲಿ ನಾಲ್ಕನೆಯ ಚೀಲವೆಂದು ನಾನು ಮೊದಲು ತಿಳಿದ ಒಂದು ಆಕೃತಿ. ಅದಕ್ಕೆ ಕನ್ನಡಕವಿತ್ತು. ನಾನು ನಕ್ಕೆ, ಸುಮಾಳೂ ನಕ್ಕಳು. ಆದರೆ ಬೆಳಿಗ್ಗೆ ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದಾಗಲೆಲ್ಲ ಆ ಕನ್ನಡಕದ ಚೀಲ ನನ್ನನ್ನೇ ನೋಡುತ್ತಿತ್ತು, ನನಗೆ ಬೇಜಾರಾಗುತ್ತಿತ್ತು.

ಅದೇ ಅಡುಗೆಮನೆಯ ಇನ್ನೊಂದು ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಮೆಡಿಟರೇನಿಯನ್ ಸಮುದ್ರದ ಯಾವುದೋ ದ್ವೀಪ. ಸುಣ್ಣ ಬಳಿದ ಬಿಳಿ ಮನೆಗಳು, ನೀಲಿ ಬಾಗಿಲುಗಳು, ಆಲಿವ್ ತೋಪುಗಳು. ವರ್ಷ ಮುಗಿದರೂ ಸುಮಾ ಅದನ್ನು ಕೆಳಗಿಳಿಸಿರಲಿಲ್ಲ. “ಒಂದ್ ಸಲ ಹೋಗ್ಬೇಕು ರೀ” ಎಂದು ಒಗ್ಗರಣೆ ಹಾಕುತ್ತಲೇ ಹೇಳುವಳು. ಆದರೆ ವಲಸಿಗನ ರಜೆಯ ಕಥೆ ನಿಮಗೂ ಗೊತ್ತಿರಬಹುದು: ಒಂದು ವರ್ಷ ಮೈಸೂರಿನಲ್ಲಿ ಮದುವೆ, ಮರುವರ್ಷ ಉಪನಯನ, ಅದರ ಮರುವರ್ಷ ಗೃಹಪ್ರವೇಶ. ಕೂಡಿಟ್ಟ ರಜೆಯೆಲ್ಲ ನೆಂಟರ ಶುಭಕಾರ್ಯಗಳಿಗೆ ಸಮರ್ಪಿತವಾಗಿ, ಮೆಡಿಟರೇನಿಯನ್ ಗೋಡೆಯ ಮೇಲೆಯೇ ಉಳಿಯಿತು. ಕಡೆಗೆ ನನ್ನ ಆಫೀಸಿನ ಪೀಟರ್ ಎಂಬಾತ, ಅಷ್ಟು ದೂರ ಯಾಕೆ, ಆಕ್ಲೆಂಡಿನಿಂದ ದೋಣಿ ಹತ್ತಿದರೆ ವೈಹೆಕೆ ದ್ವೀಪ, ಅಲ್ಲೂ ಆಲಿವ್, ಅಲ್ಲೂ ದ್ರಾಕ್ಷಿ, ಅದೇ ನಮ್ಮ ಮೆಡಿಟರೇನಿಯನ್ ಎಂದು ಪರಿಹಾರ ಸೂಚಿಸಿದ. ಈಸ್ಟರ್ ರಜೆಯ ಶನಿವಾರ ಹೋಗಿ ಬರುವುದೆಂದು ನಿಶ್ಚಯವಾಯಿತು.

ಇಲ್ಲಿ ನಾನು ‘ಒರಿಜಿನಲ್ಸ್’ ಎಂಬ ಪವಿತ್ರ ಪದದ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ತಲೆಮಾರಿನವರು ಬೆಳೆದದ್ದೇ ಪ್ಲಾಸ್ಟಿಕ್ ಫೈಲಿನೊಳಗಿನ ಒರಿಜಿನಲ್ ಅಂಕಪಟ್ಟಿಗಳನ್ನು ಎದೆಗವಚಿಕೊಂಡು. ಊರು ಬಿಡುವಾಗ ಒಡವೆ ಮರೆತರೂ ಒರಿಜಿನಲ್ಸ್ ಮರೆಯಬಾರದು. ಮನೆಗೆ ಬೀಗ ಹಾಕಿ ಇಡೀ ದಿನ ಹೋಗುವುದೆಂದರೆ ಕಳ್ಳ ಬರಬಹುದು, ಬೆಂಕಿ ಬೀಳಬಹುದು. ಇದು ಭೂಕಂಪದ ನಾಡು ಬೇರೆ. ಮೇಲಾಗಿ ನಾವು ಹಡಗು ಹತ್ತಿ ಸಮುದ್ರ ದಾಟುವವರು. ದಾಟುವುದು ಒಂದೇ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೇ ಆದರೂ, ನಡುನೀರಿನಲ್ಲಿ ಯಾರಾದರೂ ನೀವು ಯಾರು ಎಂದು ಕೇಳಿದರೆ? ಹೀಗೆ ತರ್ಕಿಸಿ ಹಿಂದಿನ ಸಂಜೆಯೇ ಮೂವರ ಪಾಸ್‌ಪೋರ್ಟು, ನಮ್ಮ ಮದುವೆಯ ಸರ್ಟಿಫಿಕೇಟು, ಮಗಳ ಜನನಪತ್ರ, ನನ್ನ ಡಿಗ್ರಿ ಎಲ್ಲವನ್ನೂ ಫೈಲಿಗೆ ಸೇರಿಸಿ, ಟವೆಲ್ಲು ಮತ್ತು ಕೋಡುಬಳೆಯ ಡಬ್ಬದ ಅಡಿಯಲ್ಲಿ, ಚೀಲದ ತಳಕ್ಕೆ ಇಳಿಸಿದೆ.

“ಬೀಚಿಗೆ ಡಿಗ್ರಿ ಯಾಕ್ರೀ?” ಎಂದು ಸುಮಾ ಕೇಳಿದಳು.

“ಇರಲಿ, ಊಟ ಕೇಳತ್ತಾ ಅದು?” ಎಂದೆ. ಅವಳು ಮತ್ತೆ ಮಾತಾಡಲಿಲ್ಲ; ಅವಳ ಮೌನವನ್ನು ನಾನು ಸಮ್ಮತಿಯೆಂದು ತಿಳಿದೆ.

ದ್ವೀಪದಲ್ಲಿ ನಮ್ಮ ಬೆಳಗು ಚೆನ್ನಾಗಿಯೇ ಕಳೆಯಿತು. ದೋಣಿಯಲ್ಲಿ ಯಾರೂ ನನ್ನ ಡಿಗ್ರಿ ಕೇಳಲಿಲ್ಲ. ಬಸ್ಸು ಹತ್ತಿ, ಏರು ಇಳಿವಿನ ರಸ್ತೆಗಳಲ್ಲಿ ತಿರುಗಿ, ದ್ರಾಕ್ಷಾರಸದ ತೋಟದಲ್ಲಿ ಇಳಿದು, ಉಳಿದವರೆಲ್ಲ ಮದ್ಯದ ಲೋಟವನ್ನು ಮೂಗಿಗೆ ಹಿಡಿದು ಸಮಾಧಿಸ್ಥಿತಿಗೆ ಹೋಗಿದ್ದಾಗ ನಾವು ಮೂವರು ನಿಂಬೆಹಣ್ಣಿನ ಶರಬತ್ತು ಕುಡಿದೆವು. ಆಲಿವ್ ತೋಪಿನಲ್ಲಿ ಗಿಡದ ಮೇಲಿನ ಕಾಯಿಯನ್ನು, ಒಳ್ಳೆಯ ನೆಲ್ಲಿಕಾಯಿಯಂತಿದೆ ಎಂದು ನಾನು ಬಾಯಿಗೆ ಹಾಕಿಕೊಂಡೆ. ಆ ಕಹಿಯನ್ನು ಬಣ್ಣಿಸುವ ಶಕ್ತಿ ನನಗಿಲ್ಲ. ಹಾಗಲಕಾಯಿಗೆ ನಾನು ಅಷ್ಟು ವರ್ಷ ಮಾಡಿದ ಅವಮಾನವನ್ನೆಲ್ಲ ಅಲ್ಲೇ ವಾಪಸು ಪಡೆದೆ. ಬ್ರೆಡ್ಡಿನ ಚೂರಿಗೆ ಅದ್ದಿ ಕೊಟ್ಟ ಎಣ್ಣೆಯ ರುಚಿ ನೋಡಿದ ಸುಮಾ, “ಚೆನ್ನಾಗಿದೆ, ಆದ್ರೆ ಸಾಸಿವೆ ಸಿಡಿಸೋಕೆ ಆಗಲ್ಲ ಅನ್ಸತ್ತೆ” ಎಂದು ತೀರ್ಪು ಕೊಟ್ಟಳು. ಬಿಳಿ ಮನೆಗಳು, ನೀಲಿ ಬಾಗಿಲುಗಳು ಅಷ್ಟಾಗಿ ಇರಲಿಲ್ಲ. ಆದರೆ ಗುಡ್ಡದ ತುದಿಯಲ್ಲಿ ನಿಂತು ಕೆಳಗಿನ ನೀರನ್ನು ನೋಡಿದಾಗ, “ಅದೇ ಬಣ್ಣ ರೀ” ಎಂದಳು, ಸಾಕಷ್ಟು ಹೊತ್ತು ಅಲ್ಲೇ ನಿಂತಳು.

ಮಧ್ಯಾಹ್ನ ಬೀಚಿಗಿಳಿದೆವು. ಅಲ್ಲಿ ಕಯಾಕ್ ಬಾಡಿಗೆಗೆ ಕೊಡುತ್ತಿದ್ದರು. ಕಯಾಕ್ ಎಂದರೆ ಉದ್ದನೆಯ, ಕಿರಿದಾದ ಪುಟ್ಟ ದೋಣಿ. ಇಬ್ಬರು ಒಬ್ಬರ ಹಿಂದೊಬ್ಬರು ಅದರ ಮೇಲೆ ಕೂತು, ಎರಡೂ ತುದಿಗೆ ಅಗಲವಾದ ಅಲಗಿರುವ ಹುಟ್ಟನ್ನು ಆ ಪಕ್ಕ ಈ ಪಕ್ಕ ಹಾಕುತ್ತ ಮುಂದೆ ಹೋಗಬೇಕು. ಅದಿತಿಗೆ ತಿಂಗಳುಗಳಿಂದ ಇದೇ ಧ್ಯಾನ. ಅಮ್ಮ ಮಗಳು ಹೋಗುವುದು, ನಾನು ಎಂದಿನಂತೆ ಅಧಿಕಾರ ಸ್ವೀಕರಿಸುವುದು ಎಂಬ ಏರ್ಪಾಡಿತ್ತು. ಆದರೆ ಹಿಂದಿನ ವಾರ ಬ್ಯಾಡ್ಮಿಂಟನ್ ಆಡುವಾಗ ಸುಮಾಳ ಮಣಿಕಟ್ಟು ಉಳುಕಿತ್ತು. ಹೊರಡುವ ಉತ್ಸಾಹದಲ್ಲಿ ಸರಿಯಾಯಿತೆಂದುಕೊಂಡಿದ್ದವಳು, ಹುಟ್ಟನ್ನು ಕೈಗೆತ್ತಿಕೊಂಡು ಒಂದು ಸಲ ತಿರುವಿದ ಕೂಡಲೇ ‘ಸ್’ ಎಂದು ಕೆಳಗಿಟ್ಟುಬಿಟ್ಟಳು. ಮಕ್ಕಳನ್ನು ದೊಡ್ಡವರಿಲ್ಲದೆ ಬಿಡುವುದಿಲ್ಲ ಎಂದು ಕಯಾಕಿನವನು, ಬಿಳಿ ಮೀಸೆಯ ಎತ್ತರದ ಮನುಷ್ಯ, ನಯವಾಗಿಯೇ ಹೇಳಿದ. ಇಬ್ಬರೂ, ಮೀಸೆಯವನನ್ನು ಸೇರಿಸಿದರೆ ಮೂವರೂ, ನನ್ನ ಕಡೆ ನೋಡಿದರು.

ನಾನು ಚೀಲದ ಕಡೆ ನೋಡಿದೆ.

“ಚೀಲ ಇವತ್ತು ನಾನು ನೋಡ್ಕೋತೀನಿ ರೀ. ನೀವು ಹೋಗಿ” ಎಂದಳು ಸುಮಾ. ಅದರಲ್ಲಿ ಒರಿಜಿನಲ್ಸ್ ಇದೆ, ಸುಮ್ಮನೆ ಯಾರಿಗೋ ವಹಿಸುವಂಥದ್ದಲ್ಲ ಎಂದು ನಾನು ತೊದಲಿದೆ. ಕಟ್ಟಿಕೊಂಡ ಹೆಂಡತಿಯನ್ನೇ ‘ಯಾರಿಗೋ’ ಎಂದದ್ದರ ಪರಿಣಾಮ ಏನಾಗುತ್ತಿತ್ತೋ, ಅಷ್ಟರಲ್ಲಿ ಅದಿತಿ ನನ್ನ ಪಕ್ಕಕ್ಕೆ ಬಂದು, ಮರಳಿನ ಮೇಲೆ, ಚೀಲದ ಹತ್ತಿರ ಕೂತಳು.

“ಇಟ್ಸ್ ಓಕೆ, ಅಪ್ಪ. ಐ ಡೋಂಟ್ ರಿಯಲಿ ವಾಂಟ್ ಟು ಗೋ” ಎಂದಳು.

ಓದುಗ ಮಿತ್ರರೇ, ಆ ಧ್ವನಿ ನನಗೆ ಗೊತ್ತಿತ್ತು. ಭಾಷೆ ಬೇರೆ, ಧ್ವನಿ ನನ್ನದೇ. ಸಂಗಮದ ಮೆಟ್ಟಿಲ ಮೇಲೆ ಬಟ್ಟೆಗಳ ರಾಶಿಯ ಪಕ್ಕ ಕೂತು, ಕಣ್ಣನ್ನು ನೀರಿನ ಮೇಲಿಟ್ಟು, ನನಗೇನೂ ಅಂಥಾ ಇಷ್ಟ ಇಲ್ಲ ಎಂದ ಹುಡುಗನ ಧ್ವನಿ. ನನ್ನ ಕುಲ ನನ್ನ ಕಾಲಕ್ಕೇ ಮುಗಿಯಲಿ, ನಷ್ಟವೇನಿಲ್ಲ. ಆದರೆ ಈಜು ಬರುವ, ನೀರೆಂದರೆ ಪ್ರಾಣ ಬಿಡುವ ಈ ಮಗು ನನ್ನ ದೆಸೆಯಿಂದ ದಡದಲ್ಲಿ ಕೂರುವುದನ್ನು ನೋಡಲಾಗಲಿಲ್ಲ. ನನಗೆ ಭಯಕ್ಕಿಂತ ನಾಚಿಕೆ ಹೆಚ್ಚಾಯಿತು. ಎದ್ದು, “ಲೈಫ್ ಜಾಕೆಟ್ ಎಲ್ಲಿ?” ಎಂದೆ.

ಮುಂದಿನ ಸಿದ್ಧತೆಯನ್ನು ವಿವರಿಸಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ, ಆದರೂ ಹೇಳುತ್ತೇನೆ. ಲೈಫ್ ಜಾಕೆಟ್ಟಿನ ಬಕಲುಗಳನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡೆ. ಕನ್ನಡಕ ಬೀಳದಿರಲೆಂದು ಸುಮಾ ಚೀಲದಲ್ಲಿ ಹುಡುಕಿ, ಯಾವ ಕಾಲದ್ದೋ ಪೈಜಾಮದ ಲಾಡಿಯೊಂದನ್ನು ತೆಗೆದು ನನ್ನ ತಲೆಯ ಹಿಂದೆ ಗಂಟು ಹಾಕಿದಳು. ಮೀಸೆಯವನು ಹುಟ್ಟು ಹಿಡಿಯುವುದನ್ನು ತೋರಿಸಿಕೊಟ್ಟು, ಮಗುಚಿದರೆ ಗಾಬರಿಯಾಗಬೇಡ, ಜಾಕೆಟ್ ತೇಲಿಸುತ್ತದೆ, ಕಯಾಕ್ ಹಿಡಿದುಕೊಂಡಿರು, ನಾನು ಬರುತ್ತೇನೆ ಎಂದ. ‘ಮಗುಚಿದರೆ’ ಎಂಬ ಶಬ್ದದ ನಂತರ ಅವನು ಹೇಳಿದ್ದೊಂದೂ ನನ್ನ ಕಿವಿಗೆ ಬೀಳಲಿಲ್ಲ. ಅದಿತಿ ಮುಂದೆ, ನಾನು ಹಿಂದೆ. ಅವನು ಒಂದು ಸಲ ನೂಕಿದ, ಭೂಮಿಯ ಸಂಬಂಧ ಕಡಿದುಹೋಯಿತು.

ಮೊದಲ ಕೆಲವು ನಿಮಿಷ ನಾವು ಇದ್ದಲ್ಲೇ ಪ್ರದಕ್ಷಿಣೆ ಹಾಕಿದೆವು. ನಾನು ಹುಟ್ಟು ಹಾಕುತ್ತಿರಲಿಲ್ಲ, ನೀರಿಗೆ ಹೊಡೆಯುತ್ತಿದ್ದೆ. “ಲೆಫ್ಟ್, ರೈಟ್, ಲೆಫ್ಟ್, ಅಪ್ಪ! ಟುಗೆದರ್!” ಎಂದು ಮಗಳು ತಿರುಗದೆಯೇ ನಿರ್ದೇಶಿಸಿದಳು. ನಾನು ಅವಳ ಜಡೆಯ ಚಲನೆಯನ್ನೇ ನೋಡುತ್ತ ಕೈ ಆಡಿಸತೊಡಗಿದೆ; ಜಡೆ ಎಡಕ್ಕೆ ಹೋದರೆ ನಾನೂ ಎಡಕ್ಕೆ. ನೀವು ನಂಬಬೇಕು, ಸ್ವಲ್ಪ ಹೊತ್ತಿನಲ್ಲಿ ಆ ಪ್ಲಾಸ್ಟಿಕ್ ವಾಹನ ನೇರವಾಗಿ ಹೋಗತೊಡಗಿತು. ಕೊಲ್ಲಿಯ ನೀರು ಶಾಂತವಾಗಿತ್ತು, ಬಿಸಿಲು ಹಿತವಾಗಿತ್ತು, ಮುಂದೆ ಒಂದು ಕರಿಬಂಡೆ, ಅದರ ಮೇಲೆ ರೆಕ್ಕೆ ಒಣಗಿಸುತ್ತ ನಿಂತ ನೀರುಕಾಗೆ. “ಅಲ್ಲೀವರೆಗೂ ಹೋಗೋಣ” ಎಂದು ನಾನೇ ಅಂದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಒಂದು ವೀರಗಾಥೆಯಾಗುತ್ತಿತ್ತು.

ಆದರೆ ಕಾವಲುಗಾರನ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ. ದಡದ ಮೇಲೆ ಸುಮಾ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಮಲಗಿದ್ದಳು. ಇದೇ ಏನು ಚೀಲ ಕಾಯುವ ರೀತಿ! ಚೀಲ ಅವಳಿಂದ ಒಂದು ಮಾರು ದೂರದಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು, ಅದರ ಸುತ್ತ ಕಡಲಹಕ್ಕಿಗಳ ಸಭೆ ಸೇರಿತ್ತು. ಒಂದು ಧೈರ್ಯಸ್ಥ ಹಕ್ಕಿ ಚೀಲದೊಳಗೆ ತಲೆ ಹಾಕಿತು. ನನ್ನ ಕಣ್ಣಿಗೆ ಕಂಡದ್ದು ಕೋಡುಬಳೆಯಲ್ಲ; ಕೊಕ್ಕಿನಲ್ಲಿ ಪಾಸ್‌ಪೋರ್ಟು ಕಚ್ಚಿಕೊಂಡು ಪೆಸಿಫಿಕ್ ಸಾಗರದ ಮೇಲೆ ಹಾರಿಹೋಗುವ ಹಕ್ಕಿ, ಹಿಂದೆಯೇ ನನ್ನ ಡಿಗ್ರಿ.

“ಸುಮಾ! ಚೀಲ! ಚೀಲ!” ಎಂದು ಕೂಗಿ, ಆ ದಿಕ್ಕಿಗೆ ತೋರಿಸಲು ಹುಟ್ಟನ್ನು ಗದೆಯಂತೆ ಎತ್ತಿ ಹಿಡಿದು, ಇಡೀ ಮೈಯನ್ನು ಹಿಂದಕ್ಕೆ ತಿರುಗಿಸಿದೆ. ಕಯಾಕಿಗೆ ಇಂಥ ಭಾವಾವೇಶ ಹಿಡಿಸುವುದಿಲ್ಲ. ಅದು ಒಮ್ಮೆ ವಾಲಿತು, ನಾನು ಇನ್ನೊಂದು ಕಡೆಗೆ ಬಿದ್ದು ಸರಿಪಡಿಸಲು ಹೋದೆ, ಅಲ್ಲಿಗೆ ಮುಗಿಯಿತು.

ತಣ್ಣನೆಯ, ಉಪ್ಪು ನೀರಿನ ಕತ್ತಲೆ. ಹಳೆಯ ಪರಿಚಯದ ಕತ್ತಲೆಯೇ. ಮತ್ತೆ ಮೂಗು, ಮತ್ತೆ ಕಿವಿ, ಜುಟ್ಟು ಹಿಡಿಯಲು ಮಾವನಿಲ್ಲ, ಜುಟ್ಟೂ ಉಳಿದಿಲ್ಲ. ಆಗ ನನ್ನ ತಲೆಯೊಳಗೆ ಇದ್ದದ್ದು ಒಂದೇ ಹೆಸರು. ಅದು ಚೀಲದ್ದಲ್ಲ. ಮೇಲೆ ಬಂದವನೇ ಉಗುಳುತ್ತ, ಕೆಮ್ಮುತ್ತ, “ಅದಿತೀ!” ಎಂದು ಅರಚಿ, ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದೆ. ಸಿಕ್ಕಿದ್ದು ಅವಳ ತೋಳು. ಅವಳು ನಗುತ್ತಿದ್ದಳು. ಕೂದಲೆಲ್ಲ ಮುಖಕ್ಕೆ ಅಂಟಿಕೊಂಡು, ಹಲ್ಲುಗಳೆಲ್ಲ ಕಾಣುವಂತೆ, ಉಸಿರುಗಟ್ಟಿ ನಗುತ್ತಿದ್ದಳು. ಆ ನಗುವನ್ನು ನೋಡಿದ ಕ್ಷಣ ನನ್ನ ಎದೆಯ ಮೇಲಿನಿಂದ ಒಂದು ಭಾರವಾದ ಗಂಟು ಇಳಿದುಹೋಯಿತು.

“ಅಪ್ಪ, ಯೂ ಆರ್ ಹರ್ಟಿಂಗ್ ಮೈ ಆರ್ಮ್” ಎಂದಳು. ಬಿಡಲು ನನಗೆ ಧೈರ್ಯವಾಗಲಿಲ್ಲ. “ಲುಕ್, ಯೂ ಆರ್ ಫ್ಲೋಟಿಂಗ್! ಯೂ ಆರ್ ಫ್ಲೋಟಿಂಗ್, ಅಪ್ಪ!”

ನೋಡಿದೆ. ಹೌದು, ತೇಲುತ್ತಿದ್ದೆ. ನಾನೇನೂ ಮಾಡುತ್ತಿರಲಿಲ್ಲ, ಜಾಕೆಟ್ ನನ್ನನ್ನು ಕಂಕುಳಲ್ಲಿ ಕೈಕೊಟ್ಟು ಎತ್ತಿ ಹಿಡಿದಿತ್ತು. ಒಂದೊಂದೇ ಬೆರಳು ಸಡಿಲಿಸಿ ಮಗಳ ತೋಳು ಬಿಟ್ಟೆ. ಮಗುಚಿದ ಕಯಾಕಿನ ಅಂಚಿಗೆ ಒಂದು ಕೈಯಿಟ್ಟು, ಅವಳು ಹೇಳಿದಂತೆ ತಲೆ ಹಿಂದಕ್ಕೆ ಹಾಕಿ ಮಲಗಿದೆ. ಲಾಡಿಯ ಪುಣ್ಯದಿಂದ ಕನ್ನಡಕ ಮೂಗಿನ ಮೇಲೆಯೇ ಇತ್ತು, ಅದರ ಮೂಲಕ ಆಕಾಶ ಕಾಣುತ್ತಿತ್ತು. ಕೆಳಗೆ ಎಷ್ಟು ಆಳವಿತ್ತೋ ನಾನು ಕೇಳಲಿಲ್ಲ. ಮುಳುಗಿಯೂ ಸಾಯಲಿಲ್ಲ ಎಂಬ ವಿಷಯ ಎಷ್ಟು ದೊಡ್ಡ ನೆಮ್ಮದಿ ಎಂಬುದು ಸದಾ ದಡದ ಮೇಲಿದ್ದವರಿಗೆ ತಿಳಿಯುವಂತಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಹೇಗೂ ಉಪ್ಪು ನೀರಿನಲ್ಲೇ ಇದ್ದದ್ದರಿಂದ ಲೆಕ್ಕಕ್ಕೆ ಸಿಗಲಿಲ್ಲ.

ಮೀಸೆಯವನು ಸಾವಕಾಶವಾಗಿ ತನ್ನ ದೋಣಿಯಲ್ಲಿ ಬಂದು, ಕಯಾಕನ್ನು ತಿರುವಿ ನಿಲ್ಲಿಸಿ, ನನ್ನನ್ನು ಅಕ್ಕಿ ಮೂಟೆ ಎಳೆದಂತೆ ಅದರ ಮೇಲಕ್ಕೆ ಎಳೆದು ಹಾಕಿದ. ದಡಕ್ಕೆ ವಾಪಸು ಹೋಗುವುದೋ ಎಂದು ಕೇಳಿದ. ಅದಿತಿ ನನ್ನ ಮುಖ ನೋಡಿದಳು. “ಇಲ್ಲ, ಆ ಬಂಡೆ ತನಕ ಹೋಗ್ಬೇಕು” ಎಂದು ನಾನು ಆ ಇಂಗ್ಲಿಷಿನವನಿಗೆ ಅಚ್ಚಗನ್ನಡದಲ್ಲಿ ಹೇಳಿದೆ. ಬಂಡೆಯ ಕಡೆಗೆ ತೋರಿದ ನನ್ನ ಬೆರಳು ನೋಡಿ ಅವನಿಗೆ ಅರ್ಥವಾಯಿತು. ಹೋದೆವು, ನೀರುಕಾಗೆಯನ್ನು ಮಾತಾಡಿಸಿದೆವು, ಒಂದು ಸುತ್ತು ಹಾಕಿ ಬಂದೆವು. ಹೋಗುವಾಗಲೂ ಬರುವಾಗಲೂ ನಾನು ಚೀಲದ ಕಡೆ ನೋಡಲಿಲ್ಲ.

ದಡದಲ್ಲಿ ಸುಮಾ ಟವೆಲ್ ಹಿಡಿದು ನಿಂತಿದ್ದಳು. ಕೋಡುಬಳೆಯ ಡಬ್ಬ ಖಾಲಿಯಾಗಿ ಮರಳಿನಲ್ಲಿ ಬಿದ್ದಿತ್ತು. ಕಡಲಹಕ್ಕಿಗಳು ಖಾರಕ್ಕೋ ಏನೋ ನೀರಿನಂಚಿನಲ್ಲಿ ಸಾಲಾಗಿ ನಿಂತಿದ್ದವು. “ಫೈಲು?” ಎಂದೆ, ಚಳಿಗೆ ಹಲ್ಲು ಕಟಕಟಿಸುತ್ತ.

“ಅದು ಮನೇಲಿ ಅಕ್ಕಿ ಡಬ್ಬದಲ್ಲಿದೆ” ಎಂದಳು. “ಬೆಳಿಗ್ಗೆ ಗ್ಯಾಸ್ ಆಫ್ ಮಾಡಿದ್ನಾ ಅಂತ ನಾನು ಚೀಲ ಹಿಡ್ಕೊಂಡೇ ಒಳಗೆ ಹೋಗ್ಲಿಲ್ವಾ, ಆಗಲೇ ತೆಗೆದಿಟ್ಟೆ. ಬೀಚಿಗೆ ಡಿಗ್ರಿ ತರೋರು ಎಲ್ಲಾದ್ರೂ ಇದಾರೇನ್ರೀ?”

ನನಗೆ ಸಿಟ್ಟು ಬರಬೇಕಾಗಿತ್ತು. ಬೆಳಗಿನಿಂದ ಬಸ್ಸಿನಲ್ಲಿ, ದ್ರಾಕ್ಷಿತೋಟದಲ್ಲಿ, ಆಲಿವ್ ಮರದ ಕೆಳಗೆ ನಾನು ತೊಡೆಯ ಮೇಲೆ ಇಟ್ಟುಕೊಂಡು ಕಾದದ್ದು ಮೂರು ಟವೆಲ್ ಮತ್ತು ಕರಿದ ತಿಂಡಿ! ಆದರೆ ಬಂದದ್ದು ನಗು. ಇಷ್ಟು ವರ್ಷ ನಾನು ಕಾದ ಚೀಲಗಳಲ್ಲಿ ಏನಿದ್ದವು ಎಂದು ನಾನು ಎಂದಾದರೂ ಬಿಚ್ಚಿ ನೋಡಿದ್ದೆನೇ? ಬಹುಶಃ ಅರಸೀಕೆರೆಯ ಆ ದೊಡ್ಡ ಚೀಲದಲ್ಲೂ ಅವಲಕ್ಕಿ ಇದ್ದಿರಬೇಕು. ನಾನು ಕಾದದ್ದು ಚೀಲವನ್ನಲ್ಲ, ಚೀಲವೇ ನನ್ನನ್ನು ನೀರಿನಿಂದ ಕಾದಿತ್ತು ಎಂದು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಹೊಳೆಯಿತು. ಸುಮಾಳಿಗೆ ಹೇಳಿದೆ. “ಮೊದ್ಲು ತಲೆ ಒರೆಸ್ಕೊಳ್ಳಿ” ಎಂದಳು.

ಸಂಜೆ ಹಿಂದಿರುಗುವ ದೋಣಿಯಲ್ಲಿ ಜನವೆಲ್ಲ ಸೂರ್ಯಾಸ್ತ ನೋಡಲು ಮೇಲಿನ ಅಟ್ಟಕ್ಕೆ ಹತ್ತಿದರು, ಸುಮಾಳೂ ಕ್ಯಾಮೆರಾ ಹಿಡಿದು ಹೋದಳು. ನಾನು ಅಭ್ಯಾಸಬಲದಿಂದ ಕೆಳಗಿನ ಬೆಂಚಿನಲ್ಲಿ ಚೀಲದ ಪಕ್ಕ ಕೂತಿದ್ದೆ. ಅದಿತಿ ಬಂದು ನನ್ನ ಭುಜ ತಟ್ಟಿ, “ಯೂ ಗೋ, ಅಪ್ಪ. ಐ ವಿಲ್ ವಾಚ್ ದ ಬ್ಯಾಗ್. ಯೂ ನೆವರ್ ಗೆಟ್ ಟು ಸೀ” ಎಂದಳು. ಎಷ್ಟು ಸಂತೋಷವಾಯಿತೆಂದರೆ, ಹಿಂದೆ ಮುಂದೆ ನೋಡದೆ ಮೆಟ್ಟಿಲೇರಿಬಿಟ್ಟೆ. ಆಕ್ಲೆಂಡಿನ ಗೋಪುರಗಳ ಹಿಂದೆ ಆಕಾಶ ಕುಂಕುಮವಾಗಿತ್ತು. ಸುಮಾ ನನ್ನ ಫೋಟೋ ತೆಗೆದಳು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಕೈಗಳು ಖಾಲಿಯಿದ್ದವು, ಹಾಯಾಗಿತ್ತು.

ಅದಿತಿಗೂ ಇದನ್ನು ತೋರಿಸೋಣ ಎನ್ನಿಸಿ ಸ್ವಲ್ಪ ಹೊತ್ತಿಗೆ ಕೆಳಗಿಳಿದೆ. ಮೆಟ್ಟಿಲ ಅರ್ಧದಲ್ಲಿ ನಿಂತುಬಿಟ್ಟೆ. ಖಾಲಿ ಬೆಂಚುಗಳ ಸಾಲಿನಲ್ಲಿ ನನ್ನ ಮಗಳು ಒಬ್ಬಳೇ ನೆಟ್ಟಗೆ ಕೂತಿದ್ದಳು, ಕಣ್ಣು ಕಿಟಕಿಯ ಆಚೆಗಿನ ನೀರಿನ ಮೇಲೆ. ಚೀಲದ ಪಟ್ಟಿ ಅವಳ ಕಾಲಿಗೆ ಎರಡು ಸುತ್ತು ಸುತ್ತಿತ್ತು.

ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತು ವರ್ಷ ನನ್ನನ್ನು ನೋಡಿದ್ದಳು, ಅಷ್ಟೆ. ನಾನು ಹೋಗಿ ಅವಳ ಮುಂದೆ ಮಂಡಿಯೂರಿ ಆ ಪಟ್ಟಿಯನ್ನು ಬಿಚ್ಚಿದೆ. ಒಳಗಿನ ಒದ್ದೆ ಟವೆಲ್ಲುಗಳ ನೀರಿಳಿದು ಬಿಗಿದುಕೊಂಡಿತ್ತು, ತುಸು ಹೊತ್ತು ಹಿಡಿಯಿತು.

“ಬಾ ಮೇಲೆ” ಎಂದೆ.

“ವಾಟ್ ಇಫ್ ಸಮ್‌ಒನ್ ಟೇಕ್ಸ್ ಇಟ್?”

“ತಗೊಂಡ್ ಹೋಗ್ಲಿ ಬಿಡು” ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಅವಳು ಒಂದು ಕ್ಷಣ ನನ್ನನ್ನು ನೋಡಿ, ಎದ್ದು, ನನಗಿಂತ ಮುಂದೆ ಮೆಟ್ಟಿಲು ಹತ್ತಿ ಓಡಿದಳು.

ಮೇಲೆ ಯಾರೋ ಪುಣ್ಯಾತ್ಮರೊಬ್ಬರು ನಮ್ಮ ಕ್ಯಾಮೆರಾ ಇಸಿದುಕೊಂಡು ಫೋಟೋ ತೆಗೆದುಕೊಟ್ಟರು. ಅದು ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ, ನೀಲಿ ಚಿತ್ರದ ಪಕ್ಕದಲ್ಲಿದೆ. ಕೂದಲು ಕೆದರಿದೆ, ನನ್ನ ತಲೆಯ ಹಿಂದೆ ಲಾಡಿಯ ತುದಿಯೂ ಹಾರಾಡುತ್ತಿದೆ. ನಮ್ಮ ಮನೆಗೆ ಬಂದರೆ ದಯವಿಟ್ಟು ಎಣಿಸಿ ನೋಡಿ: ಹೋದವರು ಮೂವರು, ಫೋಟೋದಲ್ಲಿ ಇರುವವರೂ ಮೂವರು. ಆ ಹೊತ್ತಿನಲ್ಲಿ ಚೀಲ ಏನಾಗಿತ್ತು ಎಂದು ಕೇಳಬೇಡಿ, ನಾವು ಯಾರೂ ನೋಡುತ್ತಿರಲಿಲ್ಲ.